ಬಾಲಿಗೆ ಹೊರಟಿರಾ? ಬೆಟ್ಟದ ತುದಿಯಿಂದ ಶುರು ಮಾಡಿ, ನೀರಿನ ಜಾಡು ಹಿಡಿದು ಕಡಲಿಗೆ ಇಳಿಯಿರಿ

ಮೈಸೂರು, ಮಂಡ್ಯದ ಕಡೆಯಿಂದ ಬಾಲಿಗೆ ಹೋಗುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಹೊಸದಾಗಿ ಮದುವೆಯಾದವರು, ರಿಟೈರ್ ಆದ ಮೇಷ್ಟ್ರುಗಳು, ಮಕ್ಕಳ ಪರೀಕ್ಷೆ ಮುಗಿಯಲಿ ಅಂತ ಕಾಯುವ ಕುಟುಂಬಗಳು. ಬಹಳ ಜನ ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿ ಹಿಡಿದು ಹೋಗಿ ಬರುತ್ತಾರೆ. ಉಯ್ಯಾಲೆ ಮೇಲೆ ಕೂತು ಒಂದು ಫೋಟೊ, ಬೀಚಿನಲ್ಲಿ ಎರಡು ದಿನ, ಒಂದಷ್ಟು ಶಾಪಿಂಗ್. ಇಷ್ಟಕ್ಕೇ ಅಷ್ಟು ದೂರ ಹೋಗಬೇಕಾಗಿಲ್ಲ.

ಬಾಲಿ ಜ್ವಾಲಾಮುಖಿಗಳು ಕಟ್ಟಿದ ದ್ವೀಪ. ಹಿಂದೂ ಮಹಾಸಾಗರದ ತಳದಲ್ಲಿರುವ ಭೂಫಲಕ ಇಂಡೋನೇಷ್ಯಾದ ಅಡಿಗೆ ನುಗ್ಗುತ್ತಲೇ ಇದೆ. ಆಳದಲ್ಲಿ ಕಲ್ಲು ಕರಗಿ ಮೇಲೇಳುತ್ತದೆ. ಹಾಗೆ ಎದ್ದ ಬೆಟ್ಟಗಳು ಮೋಡ ತಡೆದು ಮಳೆ ತರಿಸುತ್ತವೆ. ಉಗುಳಿದ ಬೂದಿ ಕಾಲಕ್ರಮೇಣ ಫಲವತ್ತಾದ ಮಣ್ಣಾಗುತ್ತದೆ. ಮಳೆ ನೀರು ಬೆಟ್ಟದೊಳಗೆ ಇಂಗಿ, ಕೆಳಗೆಲ್ಲೋ ಬುಗ್ಗೆಯಾಗಿ ಹೊರಬಂದು ಗದ್ದೆಗೆ ಹರಿಯುತ್ತದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದ ನಮ್ಮ ಕಡೆಯವರಿಗೆ ಇದನ್ನು ನೋಡುವ ಕಣ್ಣು ಇದ್ದೇ ಇರುತ್ತದೆ. ಹಾಗಾಗಿ ಬೆಟ್ಟದ ತುದಿಯಲ್ಲಿ ಶುರು ಮಾಡಿ, ನೀರು ಇಳಿಯುವ ದಾರಿಯಲ್ಲೇ ಇಳಿದು, ಕೊನೆಗೆ ಕಡಲು ಸೇರಿ ಅನ್ನುವುದು ನನ್ನ ಸಲಹೆ. ಈ ಕ್ರಮಕ್ಕೆ ದೇಹದ ಆರೋಗ್ಯದ ಕಾರಣವೂ ಒಂದಿದೆ. ಅದನ್ನು ಕಡಲಿನ ಭಾಗದಲ್ಲಿ ಹೇಳುತ್ತೇನೆ.

ದ್ವೀಪ ದೊಡ್ಡದಲ್ಲ. ಸುಮಾರು 5,780 ಚದರ ಕಿ.ಮೀ. ಅಂದರೆ ಮಂಡ್ಯ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಆದರೆ ರಸ್ತೆ ಕಿರಿದು, ತಿರುವು ಜಾಸ್ತಿ, ಟ್ರಾಫಿಕ್ಕೂ ಜಾಸ್ತಿ. ವಿಮಾನ ನಿಲ್ದಾಣದಿಂದ ಒಳನಾಡಿನ ಉಬುದ್ ಊರಿಗೆ ಇರುವುದು 40 ಕಿ.ಮೀ. ಒಳಗೆ, ಆದರೂ ಒಂದೂವರೆ ಗಂಟೆ ಬೇಕು. ಏಳು ರಾತ್ರಿ ಇಟ್ಟುಕೊಂಡರೆ ಆರಾಮವಾಗಿ ನೋಡಬಹುದು. ನಾಲ್ಕೇ ದಿನ ಇದ್ದರೆ ದಕ್ಷಿಣದ ಬೀಚುಗಳನ್ನು ಬಿಟ್ಟುಬಿಡಿ, ಒಳನಾಡನ್ನು ಬಿಡಬೇಡಿ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಬಾಲಿ ಸಮಭಾಜಕ ವೃತ್ತದ ದಕ್ಷಿಣಕ್ಕಿದೆ. ನಮ್ಮ ಮಳೆಗಾಲ ಅವರಿಗೆ ಒಣಗಾಲ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಬೆಟ್ಟ ಹತ್ತಲು, ಸಮುದ್ರಕ್ಕೆ ಇಳಿಯಲು ಒಳ್ಳೆಯ ಕಾಲ. ನವೆಂಬರ್‌ನಿಂದ ಮಾರ್ಚ್ ತನಕ ಮಳೆ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಮಳೆಯೂ ಇರುತ್ತದೆ, ಜನಜಂಗುಳಿಯೂ ಇರುತ್ತದೆ, ರೇಟೂ ಏರಿರುತ್ತದೆ. ನಮ್ಮ ಬೇಸಿಗೆ ರಜೆ ಮತ್ತು ದಸರಾ ರಜೆ ಎರಡೂ ಒಣಗಾಲದಲ್ಲೇ ಬೀಳುತ್ತವೆ. ಮಕ್ಕಳಿರುವವರಿಗೆ ಇದೇ ಅನುಕೂಲ.

ಯುಗಾದಿ ರಜೆಗೆ ಟಿಕೆಟ್ ಮಾಡುವ ಮುಂಚೆ ಮಾತ್ರ ಕ್ಯಾಲೆಂಡರ್ ನೋಡಿ. ಬಾಲಿಯ ಹಿಂದೂಗಳೂ ಶಕ ವರ್ಷವನ್ನೇ ಎಣಿಸುತ್ತಾರೆ. ಅವರ ಹೊಸ ವರ್ಷದ ದಿನ ನ್ಯೇಪಿ. ಎಷ್ಟೋ ವರ್ಷ ಅದು ನಮ್ಮ ಯುಗಾದಿಯ ದಿನವೇ ಅಥವಾ ಅದರ ಅಕ್ಕಪಕ್ಕ ಬರುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು. 2025ರಲ್ಲಿ ನ್ಯೇಪಿ ಮಾರ್ಚ್ 29ಕ್ಕೆ, ಯುಗಾದಿ 30ಕ್ಕೆ. ನ್ಯೇಪಿಯ ದಿನ ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೂ ಬಂದ್. ಯಾರೂ ಬೀದಿಗೆ ಬರುವಂತಿಲ್ಲ, ರಾತ್ರಿ ದೀಪ ಹೊರಗೆ ಕಾಣುವಂತಿಲ್ಲ. ಪ್ರವಾಸಿಗರೂ ಹೋಟೆಲಿನ ಒಳಗೇ ಇರಬೇಕು. ಹಿಂದಿನ ಸಂಜೆ ಓಗೋ-ಓಗೋ ಎಂಬ ದೊಡ್ಡ ದೊಡ್ಡ ರಾಕ್ಷಸ ಬೊಂಬೆಗಳ ಮೆರವಣಿಗೆ ಇರುತ್ತದೆ. ಇದನ್ನೆಲ್ಲ ಅನುಭವಿಸಬೇಕು ಅಂತಲೇ ಹೋದರೆ ತುಂಬ ಚೆನ್ನ. ಗೊತ್ತಿಲ್ಲದೆ ಹೋಗಿ ಸಿಕ್ಕಿಕೊಂಡರೆ ಒಂದು ದಿನ ಕೈಬಿಟ್ಟಂತೆ.

ಕಾಗದಪತ್ರ, ದುಡ್ಡು, ದಾರಿ

ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಭಾರತೀಯರಿಗೆ ವೀಸಾ ಅಲ್ಲಿ ಇಳಿದ ಮೇಲೆ ಸಿಗುತ್ತದೆ. ಶುಲ್ಕ 5 ಲಕ್ಷ ರುಪಿಯಾ, ಅವಧಿ 30 ದಿನ. ಮೊದಲೇ ಆನ್‌ಲೈನಿನಲ್ಲಿ ಮಾಡಿಕೊಂಡರೆ ಒಂದು ಸಾಲು ತಪ್ಪುತ್ತದೆ. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿಯೂ ದ್ವೀಪದ ತೆರಿಗೆ ಅಂತ ಒಂದೂವರೆ ಲಕ್ಷ ರುಪಿಯಾ ಬೇರೆ ಕಟ್ಟಬೇಕು. ಲಕ್ಷಗಳನ್ನು ಕೇಳಿ ಗಾಬರಿಯಾಗಬೇಡಿ. ಒಂದು ಲಕ್ಷ ರುಪಿಯಾ ಅಂದರೆ ನಮ್ಮ ಐನೂರು ರೂಪಾಯಿಗಿಂತ ಸ್ವಲ್ಪ ಮೇಲೆ, ಅಷ್ಟೇ. ನಿಯಮ, ಶುಲ್ಕ ಬದಲಾಗುತ್ತಿರುತ್ತವೆ. ಹೊರಡುವ ಹದಿನೈದು ದಿನ ಮುಂಚೆ ಇಂಡೋನೇಷ್ಯಾ ವಲಸೆ ಇಲಾಖೆಯ ವೆಬ್‌ಸೈಟನ್ನೇ ತೆಗೆದು ನೋಡಿ, ಏಜೆಂಟರ ಮಾತೊಂದನ್ನೇ ನೆಚ್ಚಬೇಡಿ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಾಲಿಯ ರಾಜಧಾನಿ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾಯಿತು. ಸಿಂಗಪುರ, ಕೌಲಾಲಂಪುರದ ಮೇಲೆಯೂ ಹೋಗಬಹುದು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಲಗೇಜ್ ಇದ್ದವರಿಗೆ ಅದೇ ನೆಮ್ಮದಿ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಪ್ಲಗ್ಗಿಗೆ ನಮ್ಮ ಎರಡು ಪಿನ್ನಿನ ಚಾರ್ಜರ್ ಸಾಮಾನ್ಯವಾಗಿ ಹೊಂದುತ್ತದೆ, ಮೂರು ಪಿನ್ನಿನದು ಹೊಂದುವುದಿಲ್ಲ.

ಓಡಾಡಲು ಇಡೀ ದಿನಕ್ಕೆ ಡ್ರೈವರ್ ಸಮೇತ ಕಾರು ಗೊತ್ತು ಮಾಡಿಕೊಳ್ಳಿ. ನಾಲ್ಕು ಜನಕ್ಕೆ ಹಂಚಿದರೆ ದುಬಾರಿಯಲ್ಲ. ಸ್ಕೂಟರ್ ಎಲ್ಲ ಕಡೆ ಬಾಡಿಗೆಗೆ ಸಿಗುತ್ತದೆ, ಎಡಗಡೆಯೇ ಓಡಿಸಬೇಕು, ಅದು ನಮಗೆ ಅಭ್ಯಾಸವೇ. ಆದರೆ ಊರಲ್ಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳದೆ, ಹೆಲ್ಮೆಟ್ ಇಲ್ಲದೆ ಓಡಿಸಬೇಡಿ. ಪರ್ಮಿಟ್ ಇಲ್ಲದೆ ಬಿದ್ದರೆ ಪ್ರವಾಸದ ಇನ್ಶೂರೆನ್ಸ್ ಕೂಡ ಕೈಕೊಡುತ್ತದೆ.

ಊರಲ್ಲೇ ಮಾಡಿಕೊಳ್ಳುವ ತಯಾರಿ

ಹೊರಡುವ ಒಂದು ತಿಂಗಳು ಮುಂಚೆಯಿಂದ ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಬಾತೂರ್ ಜ್ವಾಲಾಮುಖಿಯ ಏರು ನಮ್ಮ ಚಾಮುಂಡಿಗಿಂತ ಎರಡು ಪಟ್ಟು ಅಂದುಕೊಳ್ಳಿ. ಮೆಟ್ಟಿಲೂ ಇರುವುದಿಲ್ಲ. ಬಸವನ ಹತ್ತಿರ ನಿಂತು ಏದುಸಿರು ಬಿಡದೆ ಮೇಲೆ ಹೋಗಿ, ಇಳಿದು, ಇನ್ನೊಂದು ಸಲ ಹತ್ತಲು ಆದರೆ ಬಾತೂರ್ ಹತ್ತಬಹುದು. ಪಾಂಡವಪುರದ ಕುಂತಿ ಬೆಟ್ಟವನ್ನು ಒಂದು ಸಲ ನಸುಕಿನಲ್ಲಿ ಹತ್ತಿದರೆ ಟಾರ್ಚ್ ಬೆಳಕಿನಲ್ಲಿ ಕಾಲಿಡುವ ಅಭ್ಯಾಸವೂ ಆಗುತ್ತದೆ. ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ನಮ್ಮದು ಗಟ್ಟಿ ಬಂಡೆ, ಕಾಲು ಕಚ್ಚಿಕೊಳ್ಳುತ್ತದೆ. ಅಲ್ಲಿನದು ಸಡಿಲವಾದ ಕಪ್ಪು ಜಲ್ಲಿ ಮತ್ತು ಬೂದಿ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಅಡಿ ಸವೆದ ಶೂ ಬೇಡವೇ ಬೇಡ.

ಸಮುದ್ರದಲ್ಲಿ ಸ್ನಾರ್ಕೆಲ್ ಮಾಡುವ, ಅಂದರೆ ಉಸಿರಿನ ಕೊಳವೆ ಬಾಯಲ್ಲಿಟ್ಟು ತೇಲುತ್ತಾ ನೀರಿನೊಳಗೆ ನೋಡುವ ಆಸೆ ಇದ್ದರೆ ಮಾಸ್ಕ್ ಹಾಕಿಕೊಂಡು ಬಾಯಲ್ಲಿ ಉಸಿರಾಡುವುದನ್ನು ಸರಸ್ವತಿಪುರಂ ಈಜುಕೊಳದಲ್ಲೋ ನಿಮಗೆ ಹತ್ತಿರದ ಇನ್ನೊಂದರಲ್ಲೋ ಕಲಿತುಕೊಂಡು ಹೋಗಿ. ಮೂಗು ಮುಚ್ಚಿ ಬಾಯಲ್ಲೇ ಉಸಿರಾಡುವುದು ಮೊದಲ ಸಲ ಎಲ್ಲರಿಗೂ ಭಯ ಹುಟ್ಟಿಸುತ್ತದೆ. ಆ ಭಯ ಕಡಲಲ್ಲಿ ಬರುವುದಕ್ಕಿಂತ ಐದಡಿ ನೀರಲ್ಲಿ ಬಂದು ಹೋದರೆ ಒಳ್ಳೆಯದು, ಅಲ್ವಾ?

ಬಾತೂರ್: ಕತ್ತಲಲ್ಲಿ ಹತ್ತಿ, ಬೆಳಕಲ್ಲಿ ಇಳಿಯಿರಿ

ಮೊದಲ ಮೂರು ರಾತ್ರಿ ಉಬುದ್‌ನಲ್ಲಿ ಉಳಿಯಿರಿ. ಎರಡನೆಯ ದಿನ ಸುಧಾರಿಸಿಕೊಂಡು, ಮೂರನೆಯ ದಿನ ನಸುಕಿನಲ್ಲಿ ಬಾತೂರ್‌ಗೆ ಹೊರಡಿ. ಹೋಟೆಲ್ ಬಿಡುವುದು ರಾತ್ರಿ ಎರಡು ಗಂಟೆ ಹೊತ್ತಿಗೆ, ನಡಿಗೆ ಶುರುವಾಗುವುದು ನಾಲ್ಕರ ಸುಮಾರಿಗೆ. ಬೆಟ್ಟದ ಬುಡದ ಬಾತೂರ್ ಕೆರೆ ದಡದ ತೋಯಾ ಬುಂಗ್ಕಾ ಹಳ್ಳಿಯಿಂದ ಹತ್ತಲು ಸುಮಾರು ಎರಡು ಗಂಟೆ. ತುದಿಯ ಎತ್ತರ 1,717 ಮೀಟರ್. ಸ್ಥಳೀಯ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ. ಗೈಡ್ ದುಡ್ಡು, ಕಾರು, ತಿಂಡಿ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ.

ತುದಿಯಲ್ಲಿ ಚಳಿ ಚೆನ್ನಾಗಿಯೇ ಹೊಡೆಯುತ್ತದೆ. ಬೆವರಿ ಹತ್ತಿ ಗಾಳಿಗೆ ನಿಂತಾಗ ನಡುಕ ಬರುತ್ತದೆ. ಬ್ಯಾಗಿನಲ್ಲಿ ಒಂದು ಒಣ ಬನಿಯನ್, ಮೇಲೊಂದು ಜರ್ಕಿನ್ ಇರಲಿ. ಹಣೆಗೆ ಕಟ್ಟುವ ಟಾರ್ಚ್, ಒಂದು ಲೀಟರ್ ನೀರು, ಇಳಿಯುವಾಗ ಮಂಡಿಗೆ ಆಸರೆಯಾಗಿ ಒಂದು ಕೋಲು.

ಸೂರ್ಯ ಹುಟ್ಟುವುದನ್ನು ನೋಡಲು ಎಲ್ಲರೂ ಪೂರ್ವಕ್ಕೇ ಮುಖ ಮಾಡಿ ನಿಂತಿರುತ್ತಾರೆ. ಆ ಕಡೆ ಕೆರೆ, ಅದರಾಚೆ ಅಬಾಂಗ್ ಬೆಟ್ಟ, ಇನ್ನೂ ಆಚೆ 3,000 ಮೀಟರಿಗೂ ಎತ್ತರದ ಆಗುಂಗ್ ಕಾಣುತ್ತದೆ. ನೋಡಿಯಾದ ಮೇಲೆ ಸುತ್ತಲೂ ಒಂದು ಸಲ ತಿರುಗಿ. ನೀವು ನಿಂತಿರುವ ಬೆಟ್ಟವೇ ಒಂದು ದೊಡ್ಡ ಬಾಣಲೆಯೊಳಗೆ ಇದೆ ಅನ್ನುವುದು ಆಗ ಗೊತ್ತಾಗುತ್ತದೆ. ಸುಮಾರು 13 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಬಾಯಿ ಅದು. ಹಿಂದೊಂದು ಕಾಲದಲ್ಲಿ ಇದ್ದ ಭಾರಿ ಜ್ವಾಲಾಮುಖಿ ಒಡೆದು ಕುಸಿದದ್ದರಿಂದ ಆದದ್ದು. ಈಗಿನ ಬಾತೂರ್ ಆಮೇಲೆ ಅದರೊಳಗೆ ಎದ್ದದ್ದು. 1926ರಲ್ಲಿ ಇದರ ಲಾವಾ ಹರಿದು ಬಾತೂರ್ ಹಳ್ಳಿಯೇ ಮುಚ್ಚಿಹೋಯಿತು. ಜನ ಮೇಲಿನ ಅಂಚಿಗೆ ಹೋಗಿ ನೆಲೆಸಿ, ಉಲುನ್ ದನು ಬಾತೂರ್ ದೇವಸ್ಥಾನವನ್ನು ಅಲ್ಲೇ ಹೊಸದಾಗಿ ಕಟ್ಟಿದರು. ಕೆಳಗೆ ಕಪ್ಪಗೆ ಹರಡಿರುವ ಕಲ್ಲಿನ ಬಯಲು 1960 ಮತ್ತು 70ರ ದಶಕದ ಲಾವಾ. ಬಾತೂರ್ ಕೊನೆಯ ಸಲ ಸಿಡಿದದ್ದು 2000ದಲ್ಲಿ.

ತುದಿಯಲ್ಲಿ ಬಂಡೆಯ ಸಂದುಗಳಿಂದ ಹಬೆ ಬರುತ್ತಿರುತ್ತದೆ. ಗೈಡ್ ಒಂದು ಸಂದಿನೊಳಗೆ ಮೊಟ್ಟೆ, ಬಾಳೆಹಣ್ಣು ಇಟ್ಟು, ಮೇಲೆ ಎಲೆ ಮುಚ್ಚುತ್ತಾನೆ. ಸ್ವಲ್ಪ ಹೊತ್ತಿಗೆ ತೆಗೆದು ಕೈಗೆ ಕೊಟ್ಟರೆ ಹಿಡಿಯಲಾಗದಷ್ಟು ಬಿಸಿ. ಮೊಟ್ಟೆ ಬೆಂದಿರುತ್ತದೆ, ಬಾಳೆಹಣ್ಣು ಮೆತ್ತಗಾಗಿ ಸಿಪ್ಪೆ ಕಪ್ಪಾಗಿರುತ್ತದೆ, ಎರಡಕ್ಕೂ ಒಂಚೂರು ಗಂಧಕದ ವಾಸನೆ. ಹಬೆಯ ಮೇಲೆ ನೇರವಾಗಿ ಕೈ ಚಾಚಬೇಡಿ. ಮಕ್ಕಳನ್ನು ಹಿಡಿದುಕೊಳ್ಳಿ. ಹಬೆ ಮುಖಕ್ಕೆ ಬೀಸುವ ಕಡೆ ನಿಲ್ಲಬೇಡಿ, ಆಸ್ತಮಾ ಇರುವವರಂತೂ ದೂರವೇ ಇರಬೇಕು.

ಹತ್ತಲು ಆಗದ ಹಿರಿಯರನ್ನು ಹೋಟೆಲಿನಲ್ಲಿ ಬಿಟ್ಟು ಬರಬೇಕಾಗಿಲ್ಲ. ಬಾಣಲೆಯ ಅಂಚಿನ ಮೇಲಿರುವ ಕಿಂತಾಮಣಿಯ ರಸ್ತೆಯಿಂದ ಇಡೀ ಬಾಯಿ, ಕೆರೆ, ಬೆಟ್ಟ ಚೆನ್ನಾಗಿ ಕಾಣುತ್ತದೆ. ಇಳಿದು ಬಂದವರು ಕೆರೆ ದಡದ ಬಿಸಿನೀರಿನ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತರೆ ನೋವು ಅರ್ಧ ಇಳಿಯುತ್ತದೆ.

ಆಗುಂಗ್ ಹತ್ತುವ ಬಗ್ಗೆ ಒಂದು ಮಾತು. ಅದು ಬಾತೂರ್‌ನ ಹಾಗಲ್ಲ. ಬೆಸಾಕಿಹ್ ಕಡೆಯಿಂದ ಆರೇಳು ಗಂಟೆಯ ಕಡಿದಾದ ಏರು. ಬಾಲಿಯವರಿಗೆ ಅದು ದ್ವೀಪದ ಅತಿ ಪವಿತ್ರ ಬೆಟ್ಟ. ಹಬ್ಬ, ಪೂಜೆಯ ದಿನಗಳಲ್ಲಿ ಹತ್ತಲು ಬಿಡುವುದಿಲ್ಲ. ಮೊದಲ ಸಲ ಹೋಗುವವರು ಕೆಳಗೆ ಬೆಸಾಕಿಹ್ ದೇವಸ್ಥಾನ ನೋಡಿ, ಬೆಟ್ಟಕ್ಕೆ ಕೈ ಮುಗಿದು ಬನ್ನಿ. 1963ರಲ್ಲಿ ಅಲ್ಲಿ ನೂರು ವರ್ಷಕ್ಕೊಮ್ಮೆ ಮಾಡುವ ಏಕಾದಶ ರುದ್ರ ಪೂಜೆಯ ಹೊತ್ತಿನಲ್ಲೇ ಆಗುಂಗ್ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ದೇವಸ್ಥಾನವನ್ನು ಸ್ವಲ್ಪದರಲ್ಲೇ ಬಿಟ್ಟು ಪಕ್ಕಕ್ಕೆ ಹರಿಯಿತು. ಅಲ್ಲಿನವರು ಇದನ್ನು ಇಂದಿಗೂ ಭಕ್ತಿಯಿಂದಲೇ ಹೇಳುತ್ತಾರೆ.

ಬುಗ್ಗೆ ಏಳುವ ಜಾಗ

ಬಾತೂರ್ ಕೆರೆಗೆ ಕಣ್ಣಿಗೆ ಕಾಣುವ ಕೋಡಿ ಇಲ್ಲ. ನೀರು ನೆಲದೊಳಗೇ ಇಳಿಯುತ್ತದೆ. ಕೆಳಗೆ ತಂಪಾಕ್‌ಸಿರಿಂಗ್‌ನಂಥ ಕಡೆ ಬುಗ್ಗೆಯಾಗಿ ಏಳುವುದು ಆ ಕೆರೆಯ ನೀರೇ ಅಂತ ಅಲ್ಲಿನವರು ನಂಬುತ್ತಾರೆ. ಕೆರೆಯ ದೇವಿ ದನು ಅವರಿಗೆ ನೀರು ಕೊಡುವ ತಾಯಿ.

ತಂಪಾಕ್‌ಸಿರಿಂಗ್‌ನ ತೀರ್ಥ ಎಂಪುಲ್ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ಕ್ರಿ.ಶ. 962ರಿಂದ ಇರುವ ಜಾಗ ಇದು. ಒಳಗಿನ ಕೊಳದಲ್ಲಿ ಕಪ್ಪು ಮರಳನ್ನು ಗುಳುಗುಳು ಅಂತ ತಳ್ಳಿಕೊಂಡು ನೀರು ಏಳುವುದು ಬರಿಗಣ್ಣಿಗೆ ಕಾಣುತ್ತದೆ. ಜನ ಹೊರಗಿನ ಕೊಳಕ್ಕೆ ಇಳಿದು, ಸಾಲಾಗಿರುವ, ನೀರು ಸುರಿಯುವ ದೋಣಿಗಳ ಕೆಳಗೆ ಒಂದೊಂದಾಗಿ ತಲೆ ಒಡ್ಡುತ್ತಾ ಹೋಗುತ್ತಾರೆ. ನೀವೂ ಇಳಿಯಬಹುದು. ಆದರೆ ಮೊದಲು ಅವರು ಕೊಡುವ, ಲುಂಗಿಯಂಥ ಸರೋಂಗ್ ಉಟ್ಟು, ಕೈ ಮುಗಿದು ಇಳಿಯಿರಿ. ಸಾವಿನ ಕ್ರಿಯೆಗೆ ಅಂತ ಮೀಸಲಿಟ್ಟ ದೋಣಿಗಳು ಅಲ್ಲಿವೆ. ಅವು ಯಾವುವು ಅಂತ ಅಲ್ಲಿನವರನ್ನು ಕೇಳಿಕೊಂಡು, ಅವನ್ನು ಬಿಟ್ಟು ಮುಂದೆ ಹೋಗಿ. ಮುಟ್ಟು, ಸೂತಕ ಇರುವವರು ಒಳಗೆ ಬರಬಾರದು ಅಂತ ದೇವಸ್ಥಾನಗಳ ಮುಂದೆ ಬೋರ್ಡ್ ಇರುತ್ತದೆ.

ಹತ್ತಿರದಲ್ಲೇ ಗುನುಂಗ್ ಕವಿ ಇದೆ. ಸುಮಾರು 300 ಮೆಟ್ಟಿಲು ಇಳಿದು ಪಕೆರಿಸಾನ್ ನದಿಯ ಕಣಿವೆಗೆ ಹೋಗಬೇಕು. ಬೂದಿ ಗಟ್ಟಿಯಾಗಿ ಆದ ಕಲ್ಲಿನಲ್ಲಿ 11ನೇ ಶತಮಾನದಲ್ಲಿ ಹತ್ತು ಗುಡಿಯಾಕಾರಗಳನ್ನು ಕೆತ್ತಿದ್ದಾರೆ, ಒಂದೊಂದೂ ಏಳು ಮೀಟರಿನ ಸುಮಾರು. ಉಬುದ್ ಸುತ್ತಮುತ್ತ ಒಂದೇ ಜಾಗ ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಗದ್ದೆ ಬಯಲಲ್ಲಿ ಅರ್ಧ ದಿನವಾದರೂ ನಡೆಯಿರಿ

ಉಬುದ್ ಹತ್ತಿರದ ತೆಗಲಲಾಂಗ್ ಗದ್ದೆಗಳು ಫೋಟೊಗಳಲ್ಲಿ ಬಹಳ ಹೆಸರಾದವು. ಈಗ ಅಲ್ಲಿ ಉಯ್ಯಾಲೆ, ಕಾಫಿ ಅಂಗಡಿ, ಟಿಕೆಟ್, ನೂಕುನುಗ್ಗಲು. ಸುಮ್ನೆ ಒಂದು ಗಂಟೆ ನೋಡಿ ಮುಂದೆ ಹೋಗಿ. ಹೋಗಬೇಕಾದದ್ದು ಜತಿಲುವಿಹ್‌ಗೆ. ತಬಾನನ್ ಕಡೆ, ಬಾತುಕರು ಬೆಟ್ಟದ ಇಳಿಜಾರಿನಲ್ಲಿದೆ. ನೂರಾರು ಹೆಕ್ಟೇರ್ ಮೆಟ್ಟಿಲು ಗದ್ದೆ. ಬಣ್ಣದ ಗುರುತು ಹಾಕಿದ ನಡಿಗೆ ದಾರಿಗಳಿವೆ. ಎರಡು ಮೂರು ಗಂಟೆಯ ದಾರಿ ಆರಿಸಿಕೊಳ್ಳಿ. ಟೋಪಿ ಹಾಕಿ. ಬದುವಿನ ಮೇಲೆ ನಡೆಯುವಾಗ ಪೈರಿಗೆ ಕಾಲು ಹಾಕಬೇಡಿ, ಇದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ನೋಡಬೇಕಾದದ್ದು ಬರೀ ಹಸಿರಲ್ಲ. ನೀರು ಹೇಗೆ ಹಂಚಿಕೆಯಾಗುತ್ತದೆ ಅನ್ನುವುದು. ಅಲ್ಲಿ ಒಂದು ನಾಲೆಯ ನೀರು ಬಳಸುವ ರೈತರೆಲ್ಲ ಸೇರಿ ಒಂದು ಸಂಘ ಇರುತ್ತದೆ, ಅದಕ್ಕೆ ಸುಬಕ್ ಅನ್ನುತ್ತಾರೆ. ದ್ವೀಪದಲ್ಲಿ ಇಂಥವು ಸಾವಿರಕ್ಕೂ ಹೆಚ್ಚು. ಸಾವಿರ ವರ್ಷಕ್ಕೂ ಹಿಂದಿನಿಂದ ನಡೆದುಬಂದ ಪದ್ಧತಿ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಕೆರೆ ಬಯಲಿಗೆ ನೀರುಗಂಟಿ ಇದ್ದ ಹಾಗೆ ಅವರಲ್ಲಿ ಪೆಕಸೆಹ್ ಎಂಬ ಮುಖ್ಯಸ್ಥ ಇರುತ್ತಾನೆ, ರೈತರೇ ಆರಿಸುತ್ತಾರೆ. ಯಾವಾಗ ಒಟ್ಲು ಹಾಕಬೇಕು, ಯಾವ ಬಯಲಿಗೆ ಮೊದಲು ನೀರು ಅಂತ ನೀರಿನ ದೇವಸ್ಥಾನದಲ್ಲಿ ಕೂತು ತೀರ್ಮಾನ ಮಾಡುತ್ತಾರೆ. ಗದ್ದೆಯ ಮೂಲೆಯಲ್ಲಿ ಕಾಣುವ ಪುಟ್ಟ ಗುಡಿ ಭತ್ತದ ದೇವಿ ಶ್ರೀಯದು.

ನಾಲೆ ಎರಡಾಗುವ ಕಡೆ ನಿಂತು ನೋಡಿ. ಹಳೆಯ ಕಡೆಗಳಲ್ಲಿ ಅಡ್ಡಲಾಗಿ ಒಂದು ಮರದ ತೊಲೆ ಹಾಕಿರುತ್ತಾರೆ. ತೊಲೆಯಲ್ಲಿ ಬೇರೆ ಬೇರೆ ಅಗಲದ ಕಚ್ಚು ಕೊರೆದಿರುತ್ತಾರೆ. ಒಂದು ಕಚ್ಚಿನಿಂದ ಹೋದ ನೀರು ಈ ಬಯಲಿಗೆ, ಇನ್ನೊಂದರಿಂದ ಹೋದದ್ದು ಆ ಬಯಲಿಗೆ. ಗೇಟು, ಬೀಗ, ಕೀಲಿ ಏನೂ ಇಲ್ಲ. ಪಾಂಡವಪುರದ ನಮ್ಮ ಮಾವ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಲ್ಲಿ ಕಚ್ಚಿನ ಅಗಲ ಅಳೆದು ನೋಡಿ ಹೇಳಿದ್ದು ಇದು: "ನೀರು ಕಮ್ಮಿ ಆದ್ರೆ ಎಲ್ಲಾರ್ಗೂ ಒಂದೇ ಸಮ ಕಮ್ಮಿ ಆಯ್ತದೆ. ನ್ಯಾಯ ಕಣಪ್ಪ ಇದು." ಕಟ್ಟು ನೀರಿಗೆ ದಿನ ಎಣಿಸಿ, ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇಟ್ಟುಕೊಂಡವರಿಗೆ ಆ ಮಾತಿನ ತೂಕ ಗೊತ್ತು.

1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ವರ್ಷವಿಡೀ ಆದಷ್ಟು ಸಲ ನಾಟಿ ಮಾಡಿ ಅಂದಿತು. ಸುಬಕ್‌ನ ಸರದಿ ಮುರಿದುಬಿತ್ತು. ಎಲ್ಲ ಕಡೆ ಎಲ್ಲ ಕಾಲದಲ್ಲೂ ಪೈರು ನಿಂತಿದ್ದರಿಂದ ಕಂದು ಜಿಗಿಹುಳುವಿಗೆ ಬಿಡುವಿಲ್ಲದ ಊಟ. ನೀರಿಗೂ ತತ್ವಾರ. ಕೊನೆಗೆ ಹಳೆಯ ಸರದಿಗೇ ಮರಳಿದರು. ಒಂದು ಬಯಲಿನವರೆಲ್ಲ ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಹುಳುವಿಗೆ ನೆಲೆಯೇ ಇರುವುದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದನ್ನು ಕಂಪ್ಯೂಟರ್ ಲೆಕ್ಕದಲ್ಲಿ ಪರೀಕ್ಷಿಸಿದಾಗಲೂ ದೇವಸ್ಥಾನದವರ ಸರದಿಯೇ ಹೆಚ್ಚು ಕಡಿಮೆ ಸರಿಯಾದ ಸರದಿ ಅಂತ ಬಂತು. ರೈತ ಕುಟುಂಬದವರು ಹೋದರೆ ಊರಿನ ಗೈಡ್ ಒಬ್ಬರನ್ನು ಕರೆದುಕೊಂಡು, ಇದನ್ನೆಲ್ಲ ಕೇಳಿ ತಿಳಿದುಕೊಳ್ಳಿ. ಅವರೂ ಖುಷಿಯಿಂದ ನಿಮ್ಮ ಊರಿನ ನಾಲೆಯ ಬಗ್ಗೆ ಕೇಳುತ್ತಾರೆ.

ಮಧ್ಯಾಹ್ನ ಅಲ್ಲೇ ಕೆಂಪಕ್ಕಿ ಅನ್ನದ ಊಟ ಮಾಡಿ. ದಾರಿಯಲ್ಲಿ ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿ ಅಂತ ಕರೆದರೆ ಹೋಗಬೇಡಿ. ಪಾಪ, ಆ ಬೆಕ್ಕುಗಳನ್ನು ಬೋನಿನಲ್ಲಿ ಕೂಡಿಹಾಕಿರುತ್ತಾರೆ. ಕಿಂತಾಮಣಿಯ ಸಾದಾ ಕಾಫಿಯೇ ಚೆನ್ನಾಗಿದೆ.

ಮುಂಡುಕ್, ಜಲಪಾತಗಳು

ಜತಿಲುವಿಹ್‌ನಿಂದ ಬೆದುಗುಲ್ ಮೇಲೆ ಮುಂಡುಕ್‌ಗೆ ಹೋಗಿ ಒಂದೆರಡು ರಾತ್ರಿ ಇರಿ. ದಾರಿಯಲ್ಲಿ ಬ್ರತಾನ್ ಕೆರೆಯ ದೇವಸ್ಥಾನ. ಮುಂಡುಕ್ ನಮ್ಮ ಮಡಿಕೇರಿ ಕಡೆಯವರಿಗೆ ಮನೆಯಂತೆ ಅನ್ನಿಸುವ ಊರು: ಮಂಜು, ಕಾಫಿ, ಲವಂಗದ ಮರ. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿಯಲ್ಲೆಲ್ಲ ಲವಂಗ ಹರವಿರುತ್ತಾರೆ, ಊರಿಗೆ ಊರೇ ಘಮ ಅನ್ನುತ್ತದೆ. ಬನ್ಯುಮಾಲ, ಸೆಕುಂಪುಲ್ ಜಲಪಾತಗಳಿಗೆ ಇಲ್ಲಿಂದ ಹೋಗಬಹುದು. ಸೆಕುಂಪುಲ್ ದೊಡ್ಡದು, ಇಳಿದು ಹತ್ತುವುದೂ ಕಷ್ಟ. ಬನ್ಯುಮಾಲ ಕುಟುಂಬಕ್ಕೆ ಒಳ್ಳೆಯದು. ಮೇಲೆಲ್ಲೋ ಮಳೆಯಾಗಿ ನೀರು ಕೆಂಪಾಗತೊಡಗಿದರೆ ತಕ್ಷಣ ದಡ ಹತ್ತಿ.

ಕಪ್ಪು ಕಲ್ಲಿನ ಕಡಲು: ತುಲಂಬೆನ್

ಉತ್ತರದ ಕರಾವಳಿ ಹಿಡಿದು ಸಿಂಗರಾಜದ ಮೇಲೆ ಪೂರ್ವಕ್ಕೆ ಬನ್ನಿ. ಲೋವಿನದಲ್ಲಿ ಡಾಲ್ಫಿನ್ ತೋರಿಸುತ್ತೇವೆ ಅಂತ ದೋಣಿಯವರು ಕರೆಯುತ್ತಾರೆ. ಹತ್ತಾರು ದೋಣಿ ಒಟ್ಟಿಗೆ ಅಟ್ಟಿಸಿಕೊಂಡು ಹೋಗುವುದನ್ನು ನೋಡಿದರೆ ಮನಸ್ಸಿಗೆ ಹಿಡಿಸುವುದಿಲ್ಲ. ಅದನ್ನು ಬಿಟ್ಟು ನೇರ ತುಲಂಬೆನ್‌ಗೆ ಹೋಗಿ.

ಅಲ್ಲಿ ಆಗುಂಗ್ ಬೆಟ್ಟದ ಇಳಿಜಾರು ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ದಡದಲ್ಲಿ ಮರಳಿಲ್ಲ, ಉರುಟು ಕಪ್ಪು ಕಲ್ಲು. ಅಲೆ ಹಿಂದಕ್ಕೆ ಹೋದಾಗಲೆಲ್ಲ ಕಲ್ಲುಗಳು ಒಂದಕ್ಕೊಂದು ಉಜ್ಜಿ ಗರಗರ ಸದ್ದು. ಬರಿಗಾಲಲ್ಲಿ ನಡೆಯಲು ಆಗುವುದಿಲ್ಲ, ಮಧ್ಯಾಹ್ನವಂತೂ ಕಾದಿರುತ್ತದೆ. ರಬ್ಬರ್ ಅಡಿಯ ನೀರಿನ ಶೂ ಇರಲಿ. ಡೈವಿಂಗ್ ಸಿಲಿಂಡರನ್ನು ತಲೆ ಮೇಲೆ ಹೊತ್ತು, ಆ ಕಲ್ಲಿನ ಮೇಲೆ ಸಲೀಸಾಗಿ ನಡೆದುಹೋಗುವ ಅಲ್ಲಿನ ಹೆಂಗಸರನ್ನು ನೋಡಿದರೆ ಗೌರವ ಮೂಡುತ್ತದೆ. ಅವರ ಕೂಲಿಯ ಜೊತೆಗೆ ಇನ್ನೊಂದಿಷ್ಟು ಸೇರಿಸಿ ಕೊಡಿ.

ದಡದಿಂದ ಕೂಗಳತೆಯಷ್ಟು ದೂರದಲ್ಲೇ ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗು ಮುಳುಗಿದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಇದಕ್ಕೆ ಟಾರ್ಪಿಡೊ ಹೊಡೆಯಿತು. ಎಳೆದು ತಂದು ತುಲಂಬೆನ್ ದಡಕ್ಕೆ ಹತ್ತಿಸಿದರು. ಇಪ್ಪತ್ತು ವರ್ಷ ದಡದಲ್ಲೇ ಬಿದ್ದಿತ್ತು. 1963ರಲ್ಲಿ ಆಗುಂಗ್ ಸಿಡಿದಾಗ ನೆಲ ನಡುಗಿ ಹಡಗು ನೀರಿಗೆ ಜಾರಿತು. ಈಗ ಅದರ ಮೇಲೆಲ್ಲ ಹವಳ ಬೆಳೆದು, ಮೀನಿನ ಹಿಂಡು ಮನೆ ಮಾಡಿಕೊಂಡಿವೆ. ಹಡಗಿನ ಒಂದು ಭಾಗ ಐದಾರು ಮೀಟರ್ ಆಳದಲ್ಲೇ ಇರುವುದರಿಂದ ಲೈಫ್ ಜಾಕೆಟ್ ಹಾಕಿ, ಮೇಲೆ ತೇಲುತ್ತಾ ಮಾಸ್ಕಿನಲ್ಲೇ ನೋಡಬಹುದು. ಕೆಳಭಾಗ 30 ಮೀಟರ್ ತನಕ ಇಳಿಯುತ್ತದೆ, ಅದು ತರಬೇತಿ ಆದವರಿಗೆ. ಬೆಳಿಗ್ಗೆ ಎಂಟರ ಒಳಗೆ ನೀರಿಗಿಳಿದರೆ ಜನ ಕಡಿಮೆ, ನೀರೂ ತಿಳಿ. ಹವಳ ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ.

ಬೆಟ್ಟ ಮೊದಲು, ಕಡಲು ಆಮೇಲೆ ಅಂದೆನಲ್ಲ, ಅದರ ಕಾರಣ ಇಲ್ಲಿದೆ. ಸಿಲಿಂಡರ್ ಹಾಕಿ ಡೈವ್ ಮಾಡಿದಾಗ ನೀರಿನ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ, ಮೈಯಲ್ಲಿ ಕರಗುತ್ತದೆ. ಅದು ಮೆಲ್ಲಗೆ ಹೊರಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇಳಿದು ಮೈಯೊಳಗೆ ಗುಳ್ಳೆ ಏಳುತ್ತದೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಆಗಬಹುದು. ಡೈವ್ ಆದ ಮೇಲೆ 18ರಿಂದ 24 ಗಂಟೆ ವಿಮಾನ ಹತ್ತಬಾರದು, ಬಾತೂರ್‌ನಂಥ ಬೆಟ್ಟವನ್ನೂ ಹತ್ತಬಾರದು. ಒಂದೇ ದಿನದಲ್ಲಿ ಬೆಳಿಗ್ಗೆ ಡೈವಿಂಗ್, ರಾತ್ರಿ ಬೆಟ್ಟ ಅಂತ ಪ್ಯಾಕೇಜ್ ಹೇಳುವವರಿದ್ದರೆ ಒಪ್ಪಬೇಡಿ. ಬರೀ ಸ್ನಾರ್ಕೆಲ್ ಮಾಡುವವರಿಗೆ ಈ ಭಯ ಇಲ್ಲ.

ದಕ್ಷಿಣಕ್ಕೆ ಒಂದು ದಿನ

ಡೈವ್ ಆದ ಮರುದಿನವನ್ನು ದಕ್ಷಿಣಕ್ಕೆ ಇಡಿ. ತುತ್ತತುದಿಯ ಉಲುವಾತು ಕಡೆಯ ನೆಲ ಜ್ವಾಲಾಮುಖಿಯದಲ್ಲ, ಸುಣ್ಣಕಲ್ಲಿನದು. ಅದಕ್ಕೇ ಅಲ್ಲಿ ಬಿಳಿ ಮರಳು. ಸುಮಾರು 70 ಮೀಟರ್ ಎತ್ತರದ ಬಂಡೆ ಅಂಚಿನಲ್ಲಿ ದೇವಸ್ಥಾನವಿದೆ. ಸಂಜೆ ರಾಮಾಯಣದ ಕಥೆಯ ಕೆಚಕ್ ನೃತ್ಯ. ವಾದ್ಯವಿಲ್ಲದೆ, ಬರೀ ಗಂಡಸರ ಬಾಯಿ ತಾಳದಲ್ಲೇ ನಡೆಯುತ್ತದೆ. ಕೋತಿಗಳು ಕನ್ನಡಕ, ಮೊಬೈಲ್ ಕಿತ್ತುಕೊಳ್ಳುತ್ತವೆ, ಬ್ಯಾಗಿನೊಳಗೆ ಹಾಕಿಕೊಳ್ಳಿ. ಬೀಚುಗಳಲ್ಲಿ ಕೆಂಪು ಬಾವುಟ ಇದ್ದ ಕಡೆ ಮೊಣಕಾಲು ನೀರಿಗೂ ಇಳಿಯಬೇಡಿ. ಒಳಕ್ಕೆ ಸೆಳೆಯುವ ಪ್ರವಾಹ ಅಲ್ಲಿ ಬಲವಾಗಿದೆ. ಸೆಳೆತಕ್ಕೆ ಸಿಕ್ಕಿದರೆ ಎದುರು ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಕೈ ಎತ್ತಿ ಕೂಗಿ.

ಊಟ, ನಡವಳಿಕೆ

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ, ಆದರೆ ಕೇಳಿ ತಿನ್ನಬೇಕು. ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆ, ತೋಫು, ಕಡಲೆಕಾಯಿ ಗೊಜ್ಜು ಹಾಕಿದ ಗಾದೊ-ಗಾದೊ ಎಲ್ಲ ಕಡೆ ಸಿಗುತ್ತವೆ. ಆದರೆ ಖಾರದ ಸಂಬಾಲ್ ಚಟ್ನಿಯಲ್ಲಿ ತೆರಾಸಿ ಅನ್ನುವ ಸಿಗಡಿ ಪೇಸ್ಟ್ ಇರುತ್ತದೆ. "ತಂಪಾ ತೆರಾಸಿ" ಅಂದರೆ ಅದನ್ನು ಹಾಕದೆ ಕೊಡುತ್ತಾರೆ. ಅಲ್ಲಿನ ಹಿಂದೂಗಳು ಮಾಂಸ ತಿನ್ನುತ್ತಾರೆ, ಹಂದಿ ಅವರ ಹಬ್ಬದ ಅಡುಗೆ. ಹಿಂದೂ ಊರು ಅಂದಮಾತ್ರಕ್ಕೆ ಎಲ್ಲ ನಮ್ಮ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಒಂದು ಡಬ್ಬಿ ಚಟ್ನಿಪುಡಿ ಬ್ಯಾಗಿನಲ್ಲಿರಲಿ, ಅನ್ನ ಎಲ್ಲಿ ಬೇಕಾದರೂ ಸಿಗುತ್ತದೆ. ನಲ್ಲಿ ನೀರು ಕುಡಿಯಬೇಡಿ.

ಬೀದಿಯಲ್ಲಿ, ಅಂಗಡಿ ಬಾಗಿಲಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನ, ಊದುಬತ್ತಿ ಇಟ್ಟಿರುತ್ತಾರೆ. ಅದು ಪೂಜೆ. ದಾಟಬೇಡಿ, ಸುತ್ತಿಕೊಂಡು ಹೋಗಿ. 2019ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ, ಒಂದು ಬಟ್ಟೆ ಚೀಲ ಜೊತೆಗಿರಲಿ.

ಬೆಟ್ಟ ಕೆರಳಿದರೆ

ಇಂಡೋನೇಷ್ಯಾದಲ್ಲಿ ಜ್ವಾಲಾಮುಖಿಗಳಿಗೆ ನಾಲ್ಕು ಹಂತದ ಎಚ್ಚರಿಕೆ ಇದೆ. ಒಂದು ಅಂದರೆ ಸಾಮಾನ್ಯ, ನಾಲ್ಕು ಅಂದರೆ ಅಪಾಯ. ಹೊರಡುವ ವಾರ, ಹತ್ತುವ ಹಿಂದಿನ ದಿನ ಸರ್ಕಾರದ ಮಾಗ್ಮಾ ಇಂಡೋನೇಷ್ಯಾ ತಾಣದಲ್ಲಿ ಬಾತೂರ್, ಆಗುಂಗ್ ಯಾವ ಹಂತದಲ್ಲಿವೆ ನೋಡಿ. ಇಷ್ಟು ದೂರದೊಳಗೆ ಹೋಗಬಾರದು ಅಂತ ಗೆರೆ ಹಾಕಿದ್ದರೆ ಯಾವ ಗೈಡ್ ಕರೆದರೂ ಹೋಗಬೇಡಿ.

ಬೆಟ್ಟದ ಹತ್ತಿರ ಹೋಗದವರಿಗೂ ಬೂದಿಯಿಂದ ತೊಂದರೆ ಬರಬಹುದು. ವಿಮಾನದ ಎಂಜಿನ್‌ಗೆ ಬೂದಿ ಆಗಿಬರುವುದಿಲ್ಲ. 2017ರ ನವೆಂಬರ್‌ನಲ್ಲಿ ಆಗುಂಗ್ ಬೂದಿಯಿಂದ ಬಾಲಿ ನಿಲ್ದಾಣ ಮುಚ್ಚಿತ್ತು. 2024ರ ನವೆಂಬರ್‌ನಲ್ಲಿ ದೂರದ ಫ್ಲೋರೆಸ್ ದ್ವೀಪದ ಲೆವೊತೊಬಿ ಸಿಡಿದಾಗಲೂ ಬಾಲಿಯ ಎಷ್ಟೋ ವಿಮಾನ ರದ್ದಾದವು. ಆದ್ದರಿಂದ ವಾಪಸ್ ಬಂದ ಮರುದಿನವೇ ಮನೆಯಲ್ಲಿ ಮದುವೆ, ಆಫೀಸಿನಲ್ಲಿ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ. ವಿಮಾನ ರದ್ದತಿಗೂ ಅನ್ವಯಿಸುವ ಇನ್ಶೂರೆನ್ಸ್ ಕೊಳ್ಳಿ, ಜ್ವಾಲಾಮುಖಿ ಅನ್ನುವುದು ಅದರಲ್ಲಿ ಇದೆಯಾ ಅಂತ ಓದಿ ನೋಡಿ. ಬಿಪಿ, ಶುಗರ್ ಮಾತ್ರೆಗಳನ್ನು ನಾಲ್ಕು ದಿನಕ್ಕೆ ಜಾಸ್ತಿಯೇ ಒಯ್ಯಿರಿ.

ವಾಪಸ್ ಬರುವಾಗ

ತರಬಹುದಾದದ್ದು ಕಿಂತಾಮಣಿ ಕಾಫಿ, ತುಲಂಬೆನ್ ಹತ್ತಿರದ ಆಮೆದ್ ಕಡೆಯ ಸಮುದ್ರದ ಉಪ್ಪು, ಮುಂಡುಕ್‌ನ ಲವಂಗ. ಪ್ಯಾಕ್ ಆಗಿರುವುದನ್ನೇ ಕೊಳ್ಳಿ. ಬಾತೂರ್‌ನಿಂದ ಲಾವಾ ಕಲ್ಲು ಎತ್ತಿಕೊಂಡು ಬರಬೇಡಿ. ನಮ್ಮ ಮಂಡ್ಯದ ರೈತರಿಗೆ ಇನ್ನೊಂದು ಆಸೆ ಬರುತ್ತದೆ ಅಂತ ಗೊತ್ತು: ಜತಿಲುವಿಹ್‌ನ ಕೆಂಪು ಭತ್ತ ಒಂದು ಹಿಡಿ ತಂದು ನಮ್ಮ ಗದ್ದೆಯಲ್ಲಿ ಹಾಕಿ ನೋಡೋಣ ಅಂತ. ಹಾಗೆ ಮಾಡಬೇಡಿ. ಪರವಾನಗಿ ಇಲ್ಲದೆ ಹೊರದೇಶದ ಬಿತ್ತನೆ ಬೀಜ ತರುವುದು ನಮ್ಮ ದೇಶದ ಸಸ್ಯ ಕ್ವಾರಂಟೈನ್ ಕಾನೂನಿಗೆ ವಿರುದ್ಧ. ಬೀಜದ ಜೊತೆ ಅಲ್ಲಿನ ರೋಗ, ಹುಳುವಿನ ಮೊಟ್ಟೆ ನಮ್ಮ ಬಯಲಿಗೆ ಬಂದರೆ ಅಕ್ಕಪಕ್ಕದ ಗದ್ದೆಯವರೂ ಅನುಭವಿಸಬೇಕಾಗುತ್ತದೆ. ಕೆಂಪಕ್ಕಿಯ ಅನ್ನವನ್ನು ಅಲ್ಲೇ ಹೊಟ್ಟೆ ತುಂಬ ಉಂಡು ಬನ್ನಿ.